ನಲವತ್ತೊಂದನೇ ಪುಟದ ಅಂಬಿಗಿತ್ತಿ

ಏಪ್ರಿಲ್ ೧೪

ಅಪ್ಪನಿಗೆ,

ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ಊಹಿಸಿಕೊಂಡು ಉತ್ತರ ಕೊಡುತ್ತೀರಿ. ಅದಕ್ಕೇ ಈ ಕಾಗದ. ಓದಿದ ಮೇಲೆ ಅಮ್ಮನಿಗೂ ಕೊಡಿ.

ನನಗೆ ಇಲಾಖೆಯಿಂದ ನೋಟಿಸು ಬಂದಿದೆ. ಹತ್ತನೇ ತರಗತಿಯ ಭಾಷಾ ಪತ್ರಿಕೆ ತಿದ್ದಲು ಹೋಗಿದ್ದೆನಲ್ಲ, ಅಲ್ಲಿ ಆದದ್ದು. ಜಗಳದ ಮೂಲ ನೀವು ಬರೆದ ಗೈಡಿನ ನಲವತ್ತೊಂದನೇ ಪುಟ. ಹೌದು, ಅಂಬಿಗಿತ್ತಿಯ ಪದ್ಯವೇ. ಕಥೆ ನಿಮಗೆ ಗೊತ್ತು, ಆದರೂ ನೋಟಿಸಿಗೆ ಉತ್ತರವಾಗಿ ಬರೆದದ್ದನ್ನೇ ಇಲ್ಲೂ ಬರೆಯುತ್ತೇನೆ. ಅಂಬಿಗ ಅರಸನ ದಂಡಿನ ಹಿಂದೆ ಹೋಗುತ್ತಾನೆ. ಹನ್ನೆರಡು ವರ್ಷ ಅವನ ಹೆಂಡತಿ ದೋಣಿ ನಡೆಸುತ್ತಾಳೆ. ಒಂದು ದಿನ ಅವನು ಆಚೆ ದಡದಲ್ಲಿ ಬಂದು ನಿಂತು ಕೂಗುತ್ತಾನೆ. ಅವಳು ಹೋಗಿ ಹತ್ತಿಸಿಕೊಳ್ಳುತ್ತಾಳೆ. ನಡುಹೊಳೆಗೆ ಬಂದಾಗ ಅವನು, ನಾನು ಬಂದೆನಲ್ಲ, ಇನ್ನು ಹುಟ್ಟು ಇತ್ತ ಕೊಡು ಎನ್ನುತ್ತಾನೆ. ‘ಹೊಳೆಯ ನಡುವೊಳು ದೋಣಿ ನಿಂದಿತು.’ ಪಠ್ಯಪುಸ್ತಕದಲ್ಲಿ ಪಾಠ ಅಲ್ಲಿಗೆ ಮುಗಿಯುತ್ತದೆ, ಕೆಳಗೆ ದೋಣಿಯ ಚಿತ್ರ.

ಪ್ರಶ್ನೆ ಪ್ರತಿವರ್ಷದ್ದೇ: ‘ಅಂಬಿಗಿತ್ತಿಯ ಮೌನದ ಅರ್ಥವನ್ನು ವಿವರಿಸಿ.’ ನಾಲ್ಕು ಅಂಕ. ಕೀ ಉತ್ತರವೂ ಪ್ರತಿವರ್ಷದ್ದೇ: ತಾಳ್ಮೆ, ಪತಿಭಕ್ತಿ, ಸಮರ್ಪಣೆ, ಧನ್ಯತೆ. ಒಂದೊಂದಕ್ಕೆ ಒಂದೊಂದು ಅಂಕ. ಮೂರು ದಿನದಲ್ಲಿ ನೂರಿಪ್ಪತ್ತು ಪತ್ರಿಕೆ ತಿದ್ದಿದೆ, ನೂರಿಪ್ಪತ್ತು ಧನ್ಯತೆ ಓದಿದೆ. ನೂರಿಪ್ಪತ್ತೊಂದನೆಯದರಲ್ಲಿ ವಕ್ರವಾದ ಅಕ್ಷರದಲ್ಲಿ ಹೀಗಿತ್ತು:

‘ಅವಳು ಸುಮ್ಮನಿದ್ದಳು ಎಂದು ಪದ್ಯದಲ್ಲಿ ಎಲ್ಲಿಯೂ ಇಲ್ಲ. ಪದ್ಯ ಅಲ್ಲಿಗೆ ಮುಗಿದಿದೆ ಅಷ್ಟೇ. ಹರಿಯುವ ನೀರಿನಲ್ಲಿ ದೋಣಿ ತಾನಾಗಿ ನಿಲ್ಲುವುದಿಲ್ಲ. ಯಾರಾದರೂ ಹುಟ್ಟು ಹಾಕುತ್ತಲೇ ಇದ್ದರೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಅವಳು ಹುಟ್ಟು ಕೊಡಲಿಲ್ಲ.’

ಅಪ್ಪ, ಹದಿನೆಂಟು ವರ್ಷದಿಂದ ಆ ಪದ್ಯ ಪಾಠ ಮಾಡುತ್ತಿದ್ದೇನೆ. ನನಗೆ ಒಮ್ಮೆಯೂ ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಲ್ಕಕ್ಕೆ ನಾಲ್ಕು ಕೊಟ್ಟೆ. ಆ ಮಗು ಉಳಿದದ್ದೆಲ್ಲ ಸೇರಿ ಮೂವತ್ತೊಂದು ತೆಗೆದಿತ್ತು, ಈ ನಾಲ್ಕು ಇದ್ದರೆ ಪಾಸು, ಇಲ್ಲದಿದ್ದರೆ ಇಲ್ಲ. ನಮ್ಮ ಬೆಂಚಿನ ಮೇಲ್ವಿಚಾರಕರು, ಹಸಿರು ಪೆನ್ನಿನವರು, ನನ್ನ ನಾಲ್ಕನ್ನು ಹೊಡೆದು ಸೊನ್ನೆ ಹಾಕಿದರು. “ಕೀಯಲ್ಲಿ ಇದೆಯೇನ್ರೀ ಇದು?” ಎಂದರು. “ಪದ್ಯದಲ್ಲಿ ಇದೆ ಸಾರ್” ಎಂದೆ. ಬದಲಾವಣೆ ಒಪ್ಪಿದ್ದೇನೆಂದು ಸಹಿ ಹಾಕಬೇಕಿತ್ತು. ಹಾಕಲಿಲ್ಲ. ಅಷ್ಟೇ ನನ್ನ ಅಪರಾಧ.

ನಿಮ್ಮನ್ನು ಶಿಫಾರಸು ಕೇಳುತ್ತಿಲ್ಲ. ಒಂದೇ ಪ್ರಶ್ನೆ. ಅವಳು ಸುಮ್ಮನಿದ್ದಳು ಎಂದು ಯಾವ ಸಾಲಿನಲ್ಲಿದೆ? ತೋರಿಸಿಬಿಡಿ, ನಾಳೆಯೇ ಹೋಗಿ ಸಹಿ ಹಾಕುತ್ತೇನೆ.

ನಿಮ್ಮ ಮಗಳು

*

ಏಪ್ರಿಲ್ ೨೨

ಮೊಂಡು ಮಗಳಿಗೆ,

ಕಾಗದ ತಲುಪಿತು. ನಲವತ್ತು ವರ್ಷ ಜನ ನನ್ನನ್ನು ಗೈಡ್ ಮೇಷ್ಟ್ರು ಎಂದು ಕರೆದರು, ಕೆಲವರು ಗೌರವದಿಂದ, ಕೆಲವರು ಹಲ್ಲು ಕಿರಿದು. ಮನೆಯವರೇ ಹಲ್ಲು ಕಿರಿದದ್ದು ಇದೇ ಮೊದಲು.

ಪರೀಕ್ಷೆ ಎಂದರೆ ಕಾವ್ಯಗೋಷ್ಠಿಯಲ್ಲ. ಲಕ್ಷಾಂತರ ಮಕ್ಕಳು, ಸಾವಿರಾರು ಮೌಲ್ಯಮಾಪಕರು. ಒಬ್ಬೊಬ್ಬರಿಗೆ ಒಂದೊಂದು ತಕ್ಕಡಿ ಕೊಟ್ಟರೆ ಸಂತೆಯೂ ನಡೆಯುವುದಿಲ್ಲ, ಶಾಲೆಯೂ ನಡೆಯುವುದಿಲ್ಲ. ನಿನಗೆ ಆ ಉತ್ತರ ಇಷ್ಟವಾಯಿತು, ನಾಲ್ಕು ಕೊಟ್ಟೆ. ಪಕ್ಕದ ಬೆಂಚಿನವರಿಗೆ ಇಷ್ಟವಾಗದಿದ್ದರೆ? ಕೀ ಉತ್ತರ ಇರುವುದು ಮಕ್ಕಳನ್ನು ಕಟ್ಟಿಹಾಕಲು ಅಲ್ಲ, ಮೇಷ್ಟರ ಖಯಾಲಿಯನ್ನು ಕಟ್ಟಿಹಾಕಲು. ಇದನ್ನು ನಿನ್ನಂಥವರಿಗಾಗಿಯೇ ಮಾಡಿದ್ದಾರೆ.

ಇನ್ನು ಯಾವ ಸಾಲು ಎಂಬ ಪ್ರಶ್ನೆ. ಕಾವ್ಯದಲ್ಲಿ ಎಲ್ಲವನ್ನೂ ಸಾಲಿನಲ್ಲಿ ಹುಡುಕಬಾರದು, ಧ್ವನಿ ಎಂಬುದೊಂದು ಇರುತ್ತದೆ. ‘ನಿಂದಿತು’ ಎಂಬ ಪದಕ್ಕೆ ನಾನು ಅರ್ಥ ಕೊಟ್ಟಿದ್ದೇನೆ, ನೋಡು: ‘ದಡ ಸೇರಿ ನೆಲೆ ಕಂಡಿತು ಎಂದು ಭಾವ’.

ಕೀ ಬರೆದವರು, ಮೇಲ್ವಿಚಾರಕರು ಎಲ್ಲ ಸೇರಿ ತಪ್ಪು ಎಂದದ್ದನ್ನು ನೀನೊಬ್ಬಳೇ ಸರಿ ಎನ್ನುತ್ತಿದ್ದೀಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡು ಸಾಲಿನ ಕ್ಷಮಾಪಣೆ ಬರೆದು ಕೊಡು, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆ ಮಗು ಜುಲೈಯಲ್ಲಿ ಮತ್ತೆ ಕಟ್ಟಿ ಪಾಸಾಗುತ್ತದೆ.

ನಿನ್ನಮ್ಮ ಕಾಗದವನ್ನು ಎರಡು ಸಲ ಓದಿದಳು. ಏನೂ ಹೇಳಲಿಲ್ಲ. ನನ್ನ ಮಾತಿಗೆ ಒಪ್ಪಿಗೆ ಇದೆ ಎಂದುಕೊಂಡೆ.

ಆಶೀರ್ವಾದಗಳೊಂದಿಗೆ,
ಅಪ್ಪ

*

ಮೇ ೩

ಅಪ್ಪನಿಗೆ,

ಕ್ಷಮಾಪಣೆ ಬರೆಯಲಿಲ್ಲ. ಬದಲಿಗೆ ಎರಡು ಕೆಲಸ ಮಾಡಿದೆ.

ಒಂದು, ಭಾನುವಾರ ಬಸ್ಸು ಹತ್ತಿ ಹೊಳೆಗೆ ಹೋದೆ. ಅಲ್ಲಿ ಇನ್ನೂ ದೋಣಿ ಹಾಕುವ ಮುದುಕನೊಬ್ಬನಿದ್ದಾನೆ. ನಡುಹೊಳೆಯಲ್ಲಿ ದೋಣಿ ನಿಲ್ಲುತ್ತದೆಯೇ ಎಂದು ಕೇಳಿದೆ. ಅವನು ನನ್ನ ಕೈಚೀಲ, ಕನ್ನಡಕ ಎಲ್ಲ ನೋಡಿ ನಕ್ಕ. “ಓದಿದೋರು ಅಲ್ವಾ ನೀವು? ನೀರೇನು ನಮ್ಮಪ್ಪನ ಮನೆ ಆಳಾ, ನಿಂತ್ಕೋ ಅಂದ್ರೆ ನಿಂತ್ಕೊಳ್ಳೋಕೆ? ತೋಳು ಬಿದ್ದು ಹೋಗೋ ಹಾಗೆ ಎದುರು ಹುಟ್ಟು ಹಾಕ್ತಾನೇ ಇರ್ಬೇಕು. ಕೈ ಬಿಟ್ರೆ ಮುಂದಿನೂರು” ಎಂದ. ನಿಮ್ಮ ‘ನೆಲೆ ಕಂಡಿತು’ ಎಂಬ ಅರ್ಥವನ್ನೂ ಹೇಳಿದೆ. “ಯಾರಮ್ಮಾ ಬರ್ದಿದ್ದು? ದೋಣಿ ಹತ್ತಿದೋನಲ್ಲ ಬಿಡಿ” ಎಂದ. ನನ್ನ ತಂದೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಎರಡು, ಕಾಲೇಜಿನ ಹಳೆಯ ಗ್ರಂಥಾಲಯಕ್ಕೆ ಹೋಗಿ ಇಡೀ ಕಾವ್ಯವನ್ನು ಹುಡುಕಿಸಿದೆ. ನಮ್ಮ ಪಾಠ ಅದರ ಒಂದು ಚೂರು ಮಾತ್ರ ಎಂದು ಪುಸ್ತಕದಲ್ಲೇ ಸಣ್ಣಕ್ಷರದಲ್ಲಿ ಅಚ್ಚಾಗಿದೆ, ಆದರೆ ಉಳಿದದ್ದನ್ನು ಯಾರು ನೋಡಿದ್ದಾರೆ? ಆ ಪ್ರತಿಯ ಹಾಳೆಗಳ ಅಂಚನ್ನು ಇನ್ನೂ ಕತ್ತರಿಸಿರಲೇ ಇಲ್ಲ, ಒಬ್ಬರೂ ತೆರೆದು ಓದಿರಲಿಲ್ಲ. ಗ್ರಂಥಪಾಲಕಿ ಸ್ಕೇಲು ಇಟ್ಟು ಒಂದೊಂದಾಗಿ ಸೀಳಿಕೊಟ್ಟಳು. ‘ದೋಣಿ ನಿಂದಿತು’ ಆದಮೇಲೆ ಪದ್ಯ ಮುಗಿದಿಲ್ಲ. ಅವಳು ಮಾತಾಡುತ್ತಾಳೆ. ಹದಿನಾಲ್ಕು ಸಾಲು. ನಾಲ್ಕು ಇಲ್ಲಿವೆ:

‘ದಾಂಟಿಸುವೆನೆಂದು ಬಂದೆ, ಹುಟ್ಟನೀವೆನೆಂದೆನೇ?
ಪನ್ನೆರಡು ವರುಷಮೀ ಹೊಳೆ ಬಲ್ಲುದೆನ್ನ ತೋಳನು.
ಕುಳಿತು ಬಾ, ದಡವ ಮುಟ್ಟಿಪೆ, ಗಂಡನೆಂದು ಕೂಲಿ ಬಿಡುವೆ,
ಹುಟ್ಟ ಬೇಡದಿರು, ಬೇಡಿದೊಡೆ ಹೊಳೆಯೊಳಿಳಿಸುವೆ.’

ಗ್ರಂಥಪಾಲಕಿಯೂ ನಾನೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಜಗಳವಾಡಿದ ಹೆಂಗಸಿನ ಬಗ್ಗೆ ಹದಿನೆಂಟು ವರ್ಷ ‘ಧನ್ಯತೆ’ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ.

ಪುಸ್ತಕ ತೆಗೆದುಕೊಂಡು ಪರೀಕ್ಷಾ ಮಂಡಳಿಗೆ ಹೋದೆ. ಕಾವ್ಯದಲ್ಲಿ ಏನಿದ್ದರೂ ನಮಗೆ ಸಂಬಂಧವಿಲ್ಲ, ಪಠ್ಯದಲ್ಲಿ ಇದ್ದದ್ದು ಮಾತ್ರ ಪಠ್ಯ ಎಂದರು. ಅದೇ ತಾನೇ ಆ ಮಗುವೂ ಹೇಳಿದ್ದು? ಪಠ್ಯದಲ್ಲಿ ಇಲ್ಲದ ಮೌನವನ್ನು ತಂದು ಸೇರಿಸಿದವರು ಯಾರು? ಕೊನೆಗೆ ಆ ಉತ್ತರವನ್ನು ಒಬ್ಬ ವಿಷಯ ತಜ್ಞರಿಗೆ ಕಳಿಸಿದ್ದೇವೆ, ಅವರು ಹೇಳಿದ್ದೇ ಅಂತಿಮ ಎಂದರು. ತಜ್ಞರ ಹೆಸರು ಗುಟ್ಟಂತೆ.

ಪಠ್ಯ ಸಮಿತಿಯಲ್ಲಿ ಆಗ ನೀವೂ ಇದ್ದಿರಲ್ಲ? ಸಾಲುಗಳನ್ನು ತೆಗೆದವರು ಯಾರು?

ನಿಮ್ಮ ಮೊಂಡಿ

*

ಮೇ ೧೨

ಮಗಳಿಗೆ,

ಗುಟ್ಟು ರಟ್ಟು ಮಾಡುವುದು ನಿಯಮಕ್ಕೆ ವಿರುದ್ಧ. ಆದರೂ ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಆ ತಜ್ಞ ನಾನೇ.

ಲಕೋಟೆ ಬಂದಾಗ ವಾಪಸು ಕಳಿಸಬಹುದಿತ್ತು. ಕಳಿಸಲಿಲ್ಲ. ಮಗಳ ಪ್ರಕರಣ ಎಂದು ಹಿಂದೆ ಸರಿದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡ ಹಾಗಾಗುತ್ತಿತ್ತು. ಉತ್ತರವನ್ನು ಓದಿದೆ. ಚುರುಕು ಮಗು, ಅನುಮಾನವಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರಿಸುವುದು ಬಿಟ್ಟು ಪ್ರಶ್ನೆಯನ್ನೇ ಪ್ರಶ್ನಿಸಿದೆ. ‘ಕೀ ಉತ್ತರವೇ ಸರಿ, ಸೊನ್ನೆ ಅಂಕ ಸಮರ್ಪಕ’ ಎಂದು ಬರೆದು ಸೋಮವಾರವೇ ಕಳಿಸಿಬಿಟ್ಟೆ. ಮಗಳೆಂದು ಒಂದು ಅಂಕ ಹೆಚ್ಚು ಕೊಟ್ಟವನಲ್ಲ ನಾನು. ನೀನು ನನ್ನ ತರಗತಿಯಲ್ಲಿದ್ದಾಗಲೂ ಕೊಡಲಿಲ್ಲ.

ಇನ್ನು ಆ ಹದಿನಾಲ್ಕು ಸಾಲು. ಅದರಲ್ಲಿ ಪಿತೂರಿ ಏನೂ ಇಲ್ಲ. ಆ ಪುಟಕ್ಕೆ ದೋಣಿಯ ಚಿತ್ರ ಬರಬೇಕಾಗಿತ್ತು, ಜಾಗ ಸಾಲಲಿಲ್ಲ, ಸಾಲು ಬಿಟ್ಟೆವು. ಪಠ್ಯಪುಸ್ತಕ ಎಂದರೆ ಇಷ್ಟೇ ಪುಟ, ಇಷ್ಟೇ ಸಾಲು ಎಂದಿರುತ್ತದೆ. ಒಳಗೆ ಕೂತು ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು.

ಈಗಲೂ ಹೇಳುತ್ತೇನೆ, ಕ್ಷಮಾಪಣೆ ಬರೆದುಕೊಡು.

ಅಪ್ಪ

*

ಮೇ ೧೫

ಮಗಳೇ,

ನಾನು ಕಾಗದ ಬರೆದವಳಲ್ಲ, ಬೇರೆಯವರು ಬರೆದದ್ದಕ್ಕೆ ಅಚ್ಚಿನ ಮೊಳೆ ಜೋಡಿಸಿದವಳು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿಮ್ಮಪ್ಪ ಬರೆದ ಕಾಗದವನ್ನು ಅಂಟಿಸುವ ಮುಂಚೆ ನನಗೆ ಓದಲು ಕೊಡಲಿಲ್ಲ. ಯಾವತ್ತೂ ಕೊಡೋರು. ಅದಕ್ಕೇ ಅನುಮಾನ ಬಂದು ಕೇಳಿದೆ, ಏನು ಬರೆದ್ರಿ ಅಂತ. ಚಿತ್ರಕ್ಕೆ ಜಾಗ ಇರಲಿಲ್ಲ ಅಂತ ಬರೆದೆ ಅಂದರು. ನನಗೆ ಮೈಯೆಲ್ಲ ಉರಿಯಿತು.

ಆ ಪುಸ್ತಕ ಅಚ್ಚಾದದ್ದು ನಾನು ಕೆಲಸಕ್ಕಿದ್ದ ಪ್ರೆಸ್ಸಿನಲ್ಲಿ. ಆ ಪದ್ಯದ ಮೊಳೆ ಜೋಡಿಸಿದ್ದು ಈ ಕೈಯಿಂದಲೇ. ಪೂರ್ತಿ ಜೋಡಿಸಿದ್ದೆ, ಹದಿನಾಲ್ಕು ಸಾಲೂ ಸೇರಿ. ಪುಟಕ್ಕೆ ಸರಿಯಾಗಿ ಕೂತಿತ್ತು. ಕೊನೆಯ ಪ್ರೂಫು ಸಮಿತಿಗೆ ಹೋಗಿ ವಾಪಸು ಬಂದಾಗ ಅಷ್ಟಕ್ಕೂ ಪೆನ್ಸಿಲ್ ಗೀಟು. ತೆಗೆದೆ. ತೆಗೆದ ಮೇಲೆ ಪುಟ ಅರ್ಧ ಬೋಳಾಯಿತು. ಬೋಳು ಕಾಣಬಾರದು ಅಂತ ನಮ್ಮ ಫೋರ್‌ಮನ್ನು ಚಿತ್ರ ಅಚ್ಚು ಹಾಕೋ ಹಳೆ ಬ್ಲಾಕುಗಳ ಪೆಟ್ಟಿಗೆ ತಡಕಾಡಿ ದೋಣಿದೊಂದು ಚಿತ್ರ ಹುಡುಕಿ ತುರುಕಿದ. ಅದು ಯಾವುದೋ ಸೋಪಿನ ಜಾಹೀರಾತಿಗೆ ಮಾಡಿಸಿದ್ದ ಬ್ಲಾಕು. ಮೊದಲು ಸಾಲು ಹೋಯಿತು, ಆಮೇಲೆ ಚಿತ್ರ ಬಂತು. ನಿಮ್ಮಪ್ಪ ಹೇಳೋದು ಉಲ್ಟಾ.

ತೆಗೆದ ಸಾಲಿನ ಮೊಳೆಗಳನ್ನು ಬಿಚ್ಚಿ ಒಂದೊಂದೇ ಅಕ್ಷರ ಮತ್ತೆ ಅದರದರ ಖಾನೆಗೆ ಹಾಕಬೇಕು. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹಾಕ್ತಾ ಹಾಕ್ತಾ ನನಗೆ ಬಾಯಿಪಾಠ ಆಯ್ತು. ಈಗಲೂ ಬರುತ್ತೆ, ಬೇಕಾದರೆ ಹೇಳಿಸಿಕೋ.

ಪ್ರೂಫು ಹೊತ್ತು ತರುತ್ತಿದ್ದ ಹೊಸ ಮೇಷ್ಟ್ರನ್ನು ಆವತ್ತು ಕೇಳಿದೆ, “ಯಾಕ್ರೀ ತೆಗೆದ್ರಿ? ಚೆನ್ನಾಗಿತ್ತಲ್ಲ” ಅಂತ. “ಜಾಗ ಇಲ್ಲ” ಅಂದರು. “ಜಾಗ ಇದೆ, ಜೋಡಿಸಿದೋಳು ನಾನೇ” ಅಂದೆ. ಹಾಗೇ ನಮಗೆ ಪರಿಚಯ ಆದದ್ದು. ಕೇಳಿದ ಮೊದಲನೇ ಪ್ರಶ್ನೆಗೇ ಸುಳ್ಳು ಹೇಳಿದೋರನ್ನು ಯಾಕಮ್ಮ ಮದುವೆ ಆದೆ ಅಂತ ಕೇಳಬೇಡ. ಸುಳ್ಳು ಹೇಳೋವಾಗ ಕಿವಿ ಕೆಂಪಗಾಗಿತ್ತು. ಪರವಾಗಿಲ್ಲ, ಮನುಷ್ಯರು ಅನ್ನಿಸಿತು. ಇಷ್ಟು ವರ್ಷದಲ್ಲಿ ನಿಜ ಹೇಳಬಹುದು ಅಂತ ಕಾದೆ. ಸುಮ್ಮನಿದ್ದೆ, ಹೌದು. ಅದಕ್ಕೆ ಅವರು ಏನೇನು ಅರ್ಥ ಬರೆದುಕೊಂಡಿದ್ದಾರೋ ಗೊತ್ತಿಲ್ಲ, ಆದರೆ ಒಪ್ಪಿಗೆ ಮಾತ್ರ ಅಲ್ಲ.

ನೀನು ಸಹಿ ಹಾಕಬೇಡ. ಇದನ್ನು ಅವರಿಗೆ ಓದಿ ಹೇಳಿಯೇ ಕಳಿಸುತ್ತಿದ್ದೇನೆ. ಓದೋವಾಗ ಅವರ ಕಿವಿ ಕೆಂಪಗಾಯಿತು.

ಅಮ್ಮ

*

ಮೇ ೨೪

ಅಪ್ಪನಿಗೆ,

ಅಮ್ಮನ ಕಾಗದ ಬಂತು. ನಾಲ್ಕು ದಿನ ನಿಮಗೆ ಬರೆಯಲು ಆಗಲಿಲ್ಲ. ಬರೆದರೆ ಬಾಯಿಗೆ ಬಂದದ್ದು ಬರುತ್ತಿತ್ತು.

ಸಾಲು ತೆಗೆದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ನಿಮಗೆ ಆಗ ಇಪ್ಪತ್ತಾರು ವರ್ಷ, ಸಮಿತಿಯಲ್ಲಿ ದೊಡ್ಡವರಿದ್ದರು. ಈ ಸಲ ನಿಮಗೆ ಎಪ್ಪತ್ತೆರಡು, ಮೇಜಿನ ಮುಂದೆ ನೀವೊಬ್ಬರೇ ಕೂತಿದ್ದಿರಿ. ಅವಳು ಮಾತಾಡಿದಳೆಂದು ಈ ಲೋಕದಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸೊನ್ನೆ ಸಮರ್ಪಕ ಎಂದು ಬರೆದಿರಿ. ಒಂದು ಮಗು ಯಾರ ಸಹಾಯವೂ ಇಲ್ಲದೆ, ಬರಿಯ ಒಂದು ಪದವನ್ನು ಹಿಡಿದು, ನೀವು ಮುಚ್ಚಿಟ್ಟದ್ದನ್ನು ಕಂಡುಹಿಡಿಯಿತು. ಅದನ್ನು ಫೇಲು ಮಾಡಿದಿರಿ.

ವಿಚಾರಣೆ ಜೂನ್ ಒಂಬತ್ತು, ಬೆಳಿಗ್ಗೆ ಹನ್ನೊಂದಕ್ಕೆ, ಮಂಡಳಿಯ ಮೂರನೇ ಮಹಡಿಯಲ್ಲಿ. ತಜ್ಞರನ್ನೂ ಕರೆದಿದ್ದಾರಂತೆ. ಬನ್ನಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಅಮ್ಮನ ಕಾಗದವನ್ನು ಅಲ್ಲಿ ತೋರಿಸುವುದಿಲ್ಲ. ನನ್ನ ಮಾತು ನಾನು ಹೇಳುತ್ತೇನೆ, ಕೆಲಸ ಹೋದರೂ ಸರಿ.

ಮಗಳು

*

ಜೂನ್ ೨

ಮಗಳಿಗೆ,

ನಿನ್ನ ಕಾಗದವನ್ನು ನಿನ್ನಮ್ಮನೇ ಗಟ್ಟಿಯಾಗಿ ಓದಿ ಹೇಳಿದಳು, ನನಗೆ ಕೇಳಿಸುವ ಹಾಗೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಆವತ್ತು ನಡೆದದ್ದು ಹೀಗೆ. ಸಮಿತಿಯಲ್ಲಿ ಏಳು ಜನ, ನಾನೇ ಕಿರಿಯ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರೂಫನ್ನು ನಾನೇ ಗಟ್ಟಿಯಾಗಿ ಓದುತ್ತಿದ್ದೆ. ಆ ಹದಿನಾಲ್ಕು ಸಾಲು ಓದಿದಾಗ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಷ್ಟೇ. ‘ತೆಗೆಯಿರಿ’ ಎಂದು ಅವರು ಹೇಳಲಿಲ್ಲ, ಯಾರೂ ಹೇಳಲಿಲ್ಲ. ಅವರಿಗೆ ಹಿಡಿಸಲಿಲ್ಲವೇನೋ ಎಂದು ನಾನೇ ಊಹಿಸಿದೆ, ನಾನೇ ಪೆನ್ಸಿಲ್ ತೆಗೆದೆ. “ಹೆಣ್ಣುಮಕ್ಕಳ ಬಾಯಲ್ಲಿ ಇದು ಅಷ್ಟು ಚೆನ್ನಾಗಿರುವುದಿಲ್ಲ, ಬಿಡಬಹುದಲ್ಲವೇ ಸಾರ್?” ಎಂದೆ. ಅವರು ತಲೆಯಾಡಿಸಿದರು. ಅವರಿಗೆ ನಿಜಕ್ಕೂ ಕಣ್ಣು ಉರಿಯುತ್ತಿತ್ತೋ ಏನೋ, ಈವರೆಗೂ ಗೊತ್ತಿಲ್ಲ. ಮುಂದಿನ ವರ್ಷ ಕೆಲಸ ಕಾಯಂ ಆಯಿತು.

ಆಮೇಲೆ ಗೈಡು ಬರೆಯುವ ಕೆಲಸವೂ ನನಗೇ ಬಂತು. ಮೊದಲ ಮುದ್ರಣದಲ್ಲಿ ಮೌನಕ್ಕೆ ಎರಡೇ ಅರ್ಥ ಕೊಟ್ಟಿದ್ದೆ. ಐದನೆಯದರಲ್ಲಿ ಮೂರಾಯಿತು, ಒಂಬತ್ತನೆಯದರಲ್ಲಿ ನಾಲ್ಕು. ಅವಳ ಬಾಯಿ ಕಟ್ಟಿದವನೇ ಅವಳ ಮೌನಕ್ಕೆ ಅರ್ಥ ಬರೆಯುತ್ತಾ ಹೋದೆ. ಜನ ಚಪ್ಪಾಳೆ ತಟ್ಟಿದರು. ಒಂದು ಹಂತದಲ್ಲಿ ನನಗೂ ಅವಳು ಸುಮ್ಮನಿದ್ದಳೆಂದೇ ನಂಬಿಕೆಯಾಗಿಬಿಟ್ಟಿತ್ತು. ಇದನ್ನು ನೀನು ನಂಬದಿದ್ದರೂ ಸರಿ.

ಆ ಮಗುವಿನ ಉತ್ತರವನ್ನು ಓದಿದಾಗ ನನಗೆ ಆದದ್ದು ಮೆಚ್ಚುಗೆಯಲ್ಲ. ಹೆದರಿಕೆ. ಹೆದರಿ ಸೊನ್ನೆ ಎಂದು ಬರೆದೆ. ನನ್ನ ಜೀವನದಲ್ಲಿ ಇದಕ್ಕಿಂತ ನಾಚಿಕೆಗೇಡಿನ ಕೆಲಸ ಮಾಡಿಲ್ಲ.

ಒಂಬತ್ತನೇ ತಾರೀಖು ಬರುತ್ತೇನೆ. ನಿನಗಾಗಿ ಅಲ್ಲ, ಹಾಗೆಂದುಕೊಳ್ಳಬೇಡ.

ಅಪ್ಪ

*

ಜೂನ್ ೧೦

ಅಮ್ಮನಿಗೆ,

ಅಪ್ಪ ಬಸ್ಸು ಇಳಿದು ಮನೆಗೆ ಬಂದವರೇ ಏನೂ ಹೇಳದೆ ಮಲಗಿಬಿಟ್ಟಿರುತ್ತಾರೆ, ನನಗೆ ಗೊತ್ತು. ಅದಕ್ಕೇ ನಾನು ಬರೆಯುತ್ತಿದ್ದೇನೆ. ನೀನು ಅಲ್ಲಿರಬೇಕಿತ್ತು.

ಉದ್ದನೆ ಮೇಜು. ಮಧ್ಯೆ ನಿರ್ದೇಶಕರು, ಈಚೆಗೆ ಹಸಿರು ಪೆನ್ನಿನವರು, ತುದಿಯಲ್ಲಿ ನಡಾವಳಿ ಬರೆಯುವ ಗುಮಾಸ್ತ. ನನ್ನ ಸರದಿ ಹತ್ತು ನಿಮಿಷದಲ್ಲಿ ಮುಗಿಯಿತು. ಕ್ಷಮಾಪಣೆ ಕೇಳುತ್ತೀರಾ ಎಂದರು. ಕೇಳಬೇಕಾದವರು ಮೇಜಿನ ಆ ಕಡೆ ಇದ್ದಾರೆ ಎಂದೆ. ಆಮೇಲೆ ತಜ್ಞರನ್ನು ಕರೆದರು.

ಅಪ್ಪ ಎದ್ದು ನಿಂತರು, ಕೂರಿ ಎಂದರೂ ಕೂರಲಿಲ್ಲ. “ಮೊದಲನೇದಾಗಿ, ಈಕೆ ನನ್ನ ಮಗಳು. ಅದನ್ನ ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಎರಡನೇದು, ನನ್ನ ಅಭಿಪ್ರಾಯ ತಪ್ಪು, ಅದನ್ನ ವಾಪಸ್ ತಗೋತಾ ಇದೀನಿ. ಮೂರನೇದು, ಗೈಡೂ ತಪ್ಪು, ಬರೆದೋನು ನಾನು” ಎಂದರು. ನಿರ್ದೇಶಕರು, “ಆಯ್ತು ಮೇಷ್ಟ್ರೇ, ಸಾಕು” ಎಂದರು. ಅಪ್ಪ ಕಿವಿಗೆ ಕೈ ಹಚ್ಚಿ, “ಏನಂದ್ರಿ? ಮುಂದುವರಿಸ್ಬೇಕಾ?” ಎಂದರು. ನಿಜಕ್ಕೂ ಕೇಳಿಸಲಿಲ್ಲವೋ ನಾಟಕವೋ ದೇವರೇ ಬಲ್ಲ. ಮುಕ್ಕಾಲು ಗಂಟೆ ಮಾತಾಡಿದರು, ಅಮ್ಮ. ಪೆನ್ಸಿಲ್ಲಿನ ಕಥೆ, ಕನ್ನಡಕದ ಕಥೆ, ಸೋಪಿನ ಬ್ಲಾಕಿನ ಕಥೆ, ಒಂದನ್ನೂ ಬಿಡಲಿಲ್ಲ. ಹದಿನಾಲ್ಕು ಸಾಲನ್ನೂ ರಾಗವಾಗಿ ಹೇಳಿದರು. ಎಂಟನೇ ಸಾಲಿನಲ್ಲಿ ತಡವರಿಸಿದಾಗ ನಾನು ಹೇಳಿಕೊಟ್ಟೆ. ಚಹಾ ತಂದವಳು ತಟ್ಟೆ ಹಿಡಿದುಕೊಂಡೇ ನಿಂತು ಪೂರ್ತಿ ಕೇಳಿದಳು. ‘ಗಂಡನೆಂದು ಕೂಲಿ ಬಿಡುವೆ’ ಎನ್ನುವಾಗ ಕಿಸಕ್ಕೆಂದು ನಕ್ಕಳು.

ಕೊನೆಗೆ ಅಪ್ಪ, “ಈ ಮಗು ಯಾರೋ ನಂಗೊತ್ತಿಲ್ಲ. ನಲವತ್ತು ವರ್ಷದಲ್ಲಿ ನನ್ನ ಪುಸ್ತಕ ಓದಿಯೂ ಕೆಡದೇ ಉಳಿದದ್ದು ಇದೊಂದೇ. ನಾಲ್ಕಕ್ಕೆ ನಾಲ್ಕು ಕೊಡಿ” ಎಂದರು.

ಮೆಟ್ಟಿಲು ಇಳಿಯುವಾಗ ಅವರ ಕೈ ಹಿಡಿದುಕೊಂಡೆ. ಬೇಡ ಎನ್ನಲಿಲ್ಲ. ಅಪ್ಪನ ಮೇಲೆ ನನಗೆ ಇಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ, ಅವರಿಗೆ ಹೇಳಬೇಡ.

ನಿನ್ನ ಮಗಳು

*

ಜೂನ್ ೨೪

ಅಪ್ಪನಿಗೆ,

ವರದಿ ಬಂತು. ನಕಲು ಇಟ್ಟಿದ್ದೇನೆ. ಕೂತುಕೊಂಡು ಓದಿ.

ನನ್ನನ್ನು ಐದು ವರ್ಷ ಮೌಲ್ಯಮಾಪನಕ್ಕೆ ಕರೆಯುವುದಿಲ್ಲ, ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ. ಕೆಲಸ ಉಳಿಯಿತು. ಮಗುವಿಗೆ ನಾಲ್ಕು ಅಂಕ ಸಿಕ್ಕಿದೆ, ಪಾಸಾಗಿದೆ. ಆದರೆ ಉತ್ತರಕ್ಕಲ್ಲ. ಉತ್ತರಕ್ಕೆ ಸೊನ್ನೆಯೇ. ಈ ನಾಲ್ಕನ್ನು ‘ಕೃಪಾಂಕ’ ಎಂದು ಕೊಟ್ಟಿದ್ದಾರೆ. ಕೃಪೆಯಂತೆ! ಇಡೀ ಮಂಡಳಿಯಲ್ಲಿ ಪದ್ಯ ಓದಲು ಬಂದದ್ದು ಆ ಮಗುವೊಂದಕ್ಕೇ, ಅದಕ್ಕೆ ಇವರ ಕೃಪೆ.

ಎರಡನೇ ಪುಟದ ಕೊನೆಯ ವಾಕ್ಯವನ್ನು ನಾನೇ ಇಲ್ಲಿ ಬರೆದುಬಿಡುತ್ತೇನೆ. ‘ವಿಷಯ ತಜ್ಞರು ವಿಚಾರಣೆಗೆ ಹಾಜರಿದ್ದರು. ಅವರ ಮೌನವನ್ನು ಈ ಹಿಂದಿನ ಲಿಖಿತ ಅಭಿಪ್ರಾಯಕ್ಕೆ ಸಮ್ಮತಿಯೆಂದು ಪರಿಗಣಿಸಲಾಗಿದೆ.’

ನೀವು ಮಾತಾಡಲು ಶುರುಮಾಡಿದಾಗಲೇ ಗುಮಾಸ್ತ ಪೆನ್ನು ಕೆಳಗಿಟ್ಟಿದ್ದ. ನಾನು ನೋಡಿದ್ದೆ. ಸುಸ್ತಾಗಿರಬೇಕು ಎಂದುಕೊಂಡೆ.

ಅಪ್ಪ, ಬೇಜಾರು ಮಾಡಿಕೊಳ್ಳಬೇಡಿ. ನಾನು ಕೇಳಿಸಿಕೊಂಡಿದ್ದೇನೆ.

ನಿಮ್ಮ ಮೊಂಡಿ

*

ಜುಲೈ ೩

ಮಗಳಿಗೆ,

ಬೇಜಾರು ಮಾಡಿಕೊಳ್ಳಲು ಪುರುಸೊತ್ತಿಲ್ಲ.

ವರದಿ ಓದಿ ಒಂದು ದಿನ ಗೋಡೆ ನೋಡುತ್ತಾ ಕೂತಿದ್ದೆ, ನಿಜ. ಮುಕ್ಕಾಲು ಗಂಟೆ ಗಂಟಲು ಹರಿದುಕೊಂಡವನನ್ನು ಒಂದು ವಾಕ್ಯದಲ್ಲಿ ಮೂಗನನ್ನಾಗಿ ಮಾಡಿದರಲ್ಲ, ಎಷ್ಟು ಸಲೀಸು! ನಾನಾದರೂ ಪೆನ್ಸಿಲ್ ಹಿಡಿದಿದ್ದೆ, ಇವರು ಪೆನ್ನು ಕೆಳಗಿಟ್ಟೇ ಕೆಲಸ ಮುಗಿಸಿದರು. ಅಂಬಿಗಿತ್ತಿಗೆ ಹೇಗಾಗಿರಬೇಕೆಂದು ಎಪ್ಪತ್ತೆರಡನೇ ವಯಸ್ಸಿಗೆ ಗೊತ್ತಾಯಿತು. ಮಂಡಳಿಗೆ ಪತ್ರ ಬರೆದೆ, ಉತ್ತರವಿಲ್ಲ. ಗೈಡಿನ ಪ್ರಕಾಶಕರಿಗೂ ಬರೆದೆ, ಆ ಪುಟ ತಿದ್ದಿ ಎಂದು. ಈ ವರ್ಷದ್ದು ಆಗಲೇ ಅಚ್ಚಾಗಿ ಅಂಗಡಿಗೆ ಹೋಗಿದೆ, ಕೀ ಬದಲಾದ ಮೇಲೆ ನೋಡೋಣ ಎಂದರು.

ನಿನ್ನಮ್ಮ ಎಂದಳು, “ಅಂಗಡಿಗೆ ತಾನೇ ಹೋಗಿರೋದು, ಆಕಾಶಕ್ಕಲ್ಲವಲ್ಲ?”

ಶಾಲೆ ಶುರುವಾಗಿದೆ, ಮಕ್ಕಳು ಪುಸ್ತಕ ಕೊಳ್ಳುವ ಕಾಲ. ಸೋಮವಾರದಿಂದ ನಾವಿಬ್ಬರೂ ಪೇಟೆಯ ಪುಸ್ತಕದಂಗಡಿಯ ಮುಂದೆ ಎರಡು ಸ್ಟೂಲು ಹಾಕಿಕೊಂಡು ಕೂತಿದ್ದೇವೆ. ಯಾರು ಗೈಡು ಕೊಂಡು ಹೊರಗೆ ಬಂದರೂ ಕೈ ಚಾಚಿ ಕೇಳುತ್ತೇನೆ. ನಲವತ್ತೊಂದನೇ ಪುಟ ತೆರೆದು ನನ್ನ ನಾಲ್ಕು ಅರ್ಥಗಳ ಮೇಲೂ ‘ನಿಂದಿತು’ ಪದಕ್ಕೆ ಕೊಟ್ಟ ಅರ್ಥದ ಮೇಲೂ ಅಡ್ಡಗೀಟು ಎಳೆದು ಪಕ್ಕದಲ್ಲಿ ಸಹಿ ಮಾಡುತ್ತೇನೆ. ನಿನ್ನಮ್ಮ ಕೆಳಗಿನ ಅಂಚಿನಲ್ಲಿ ಹದಿನಾಲ್ಕು ಸಾಲನ್ನೂ ಸಣ್ಣಕ್ಷರದಲ್ಲಿ ಬರೆಯುತ್ತಾಳೆ. ಜಾಗ ಸಾಲುತ್ತದೆ. ಅಂಗಡಿಯವನು ಮೊದಲ ದಿನ ಕೂಗಾಡಿದ, ಪೊಲೀಸರನ್ನು ಕರೆಯುತ್ತೇನೆ ಎಂದ. “ಕರಿ, ಬರೆದವನೇ ಹೊಡೆದುಹಾಕುತ್ತಿದ್ದಾನೆ ಅಂತ ದೂರು ಕೊಡು” ಎಂದೆ. ಈಗ ಸುಮ್ಮನಾಗಿದ್ದಾನೆ. ಒಪ್ಪಿಗೆಯೋ ಅಲ್ಲವೋ, ಅರ್ಥ ಬರೆಯುವ ಚಟ ಬಿಟ್ಟಿದ್ದೇನೆ.

ಕೆಲವರು ಪುಸ್ತಕ ಕಿತ್ತುಕೊಂಡು ಹೋಗುತ್ತಾರೆ. ಒಬ್ಬ ತಂದೆ, “ಹೊಸ ಪುಸ್ತಕ ಯಾಕ್ರೀ ಗೀಚ್ತೀರಾ, ಮಗು ಭವಿಷ್ಯ ಹಾಳಾಗಲ್ವಾ?” ಎಂದು ಬೈದ. ಅವನು ಹೇಳಿದ್ದು ಸುಳ್ಳಲ್ಲ, ಪರೀಕ್ಷೆಯಲ್ಲಿ ಕೀ ಇನ್ನೂ ಅದೇ.

ಇವತ್ತು ಮಧ್ಯಾಹ್ನ ಎರಡು ಜಡೆಯ ಒಬ್ಬ ಹುಡುಗಿ ಬಂದಳು. ನಾನು ಗೀಟು ಎಳೆಯುವ ಮುಂಚೆಯೇ ಪುಸ್ತಕ ಹಿಂದಕ್ಕೆ ಎಳೆದುಕೊಂಡು, ಆಗಲೇ ಬರೆದಿಟ್ಟಿದ್ದ ಇನ್ನೊಬ್ಬರ ಪುಸ್ತಕದಲ್ಲಿ ಹದಿನಾಲ್ಕು ಸಾಲನ್ನೂ ನಿಧಾನವಾಗಿ ಓದಿದಳು. ಆಮೇಲೆ, “ತಾತ, ಪರೀಕ್ಷೇಲಿ ಇದನ್ನ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?” ಎಂದು ಕೇಳಿದಳು.

ಸುಳ್ಳು ನಾಲಿಗೆಯ ತುದಿಗೆ ಬಂತು. ನಿನ್ನಮ್ಮ ನನ್ನ ಕಿವಿಯನ್ನೇ ನೋಡುತ್ತಿದ್ದಳು. “ಇಲ್ಲಮ್ಮ, ಕೊಡಲ್ಲ. ಸೊನ್ನೆ ಹಾಕ್ತಾರೆ” ಎಂದೆ.

ಆ ಹುಡುಗಿ ತನ್ನ ಪುಸ್ತಕ ತೆರೆದು ನಿನ್ನಮ್ಮನ ಮುಂದೆ ಹಿಡಿದಳು.

“ಆದ್ರೂ ಬರೀರಿ” ಎಂದಳು.

ಅಪ್ಪ